ಬರ್ಗೆನ್ನಿನಲ್ಲಿ ಕಂಡ ನಮ್ಮನೆ ಅಟ್ಟ

ದೇವನಹಳ್ಳಿ

ತಿಪಟೂರಿನವರು ಯಾವ ಊರಿಗೆ ಹೊರಟರೂ ಚೀಲದಲ್ಲಿ ಕೊಬ್ಬರಿ ಇರುತ್ತದೆ. ಬೀಗರ ಮನೆಗೆ, ಮಗಳ ಹಾಸ್ಟೆಲ್ಲಿಗೆ, ವರ್ಗವಾಗಿ ಹೋದ ಮೇಷ್ಟರ ಮನೆಗೆ, ಎಲ್ಲಿಗಾದರೂ ಸರಿ. ಹಾಗಾಗಿ ನಾನು ನಾರ್ವೆ ದೇಶಕ್ಕೆ ಹೊರಟಾಗಲೂ ಸೂಟ್‌ಕೇಸಿನಲ್ಲಿ, ಎರಡು ಉಣ್ಣೆ ಸ್ವೆಟರುಗಳ ನಡುವೆ, ಒಂದು ಒಣಕಾಯಿ ಇಟ್ಟುಕೊಂಡಿದ್ದೆ. ಮಟ್ಟೆ ಸುಲಿದದ್ದು, ಚಿಪ್ಪು ಒಡೆಯದ್ದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿದು ಲೊಟಲೊಟ ಅನ್ನುತ್ತಿತ್ತು. ಹೋದ ವರ್ಷ ತೀರಿಕೊಂಡ ನಮ್ಮಪ್ಪ ತಮ್ಮ ಕೈಯಾರೆ ಅಟ್ಟಕ್ಕೆ ಏರಿಸಿದ ಕೊನೆಯ ಕಾಯಿಗಳಲ್ಲಿ ಉಳಿದದ್ದು ಅದೊಂದೇ.

ನಾನು ತಿಪಟೂರಿನ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು. ಮದುವೆಯಾಗಿ ಚಿಕ್ಕನಾಯಕನಹಳ್ಳಿ ಸೇರಿದ ಮೇಲೂ ದಿನಾ ಬಸ್ಸಿನಲ್ಲಿ ತವರೂರಿಗೆ ಹೋಗಿಬಂದು ಮಾಡುತ್ತಿದ್ದೇನೆ. ಇಪ್ಪತ್ತೈದು ವರ್ಷ ಮಕ್ಕಳಿಗೆ ನಕ್ಷೆಯ ಮೇಲೆ ಪ್ರಪಂಚ ಸುತ್ತಿಸಿದವಳಿಗೆ ಪಾಸ್‌ಪೋರ್ಟ್ ಆದದ್ದು ಐವತ್ತು ದಾಟಿದ ಮೇಲೆ. ಬರ್ಗೆನ್ ಎಂಬ ಬಂದರು ಪಟ್ಟಣದಲ್ಲಿ ಕೆಲವರು ಸೇರಿ ಒಂದು ಕಮ್ಮಟ ಇಟ್ಟುಕೊಂಡಿದ್ದರು. ನಗರಗಳ ಬಗ್ಗೆ ಬರೆಯುವವರೆಲ್ಲ ಲಂಡನ್ನು, ಪ್ಯಾರಿಸ್ಸು, ನ್ಯೂಯಾರ್ಕುಗಳನ್ನೇ ನೋಡಿ ನಗರವೆಂದರೆ ಹೀಗಿರಬೇಕು ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಮಿಕ್ಕ ಊರುಗಳನ್ನು ಅದೇ ಕೋಲಿನಿಂದ ಅಳೆದು ‘ಇವು ಇನ್ನೂ ಆಗಿಲ್ಲ’ ಅನ್ನುತ್ತಾರೆ. ಅದರ ಬದಲು ಒಂದಕ್ಕೊಂದು ಸಂಬಂಧವೇ ಇಲ್ಲದ ಊರುಗಳನ್ನು ಪಕ್ಕಪಕ್ಕ ಕೂರಿಸಿ ನೋಡೋಣ ಎಂಬುದು ಅವರ ವಿಚಾರ. ನಮ್ಮೂರಿನ ಕೊಬ್ಬರಿ ಹರಾಜಿನ ಬಗ್ಗೆ ನಾನೆಂದೋ ಬರೆದ ಲೇಖನ ಹೇಗೋ ಅವರ ಕಣ್ಣಿಗೆ ಬಿದ್ದು, ತಿಪಟೂರಿಗೆ ಬರ್ಗೆನ್ನನ್ನೇ ಜೋಡಿ ಮಾಡಿದ್ದರು. ಜಾತಕ ತೋರಿಸಿದ್ದರೆ ಯಾವ ಜೋಯಿಸನೂ ಒಪ್ಪುತ್ತಿರಲಿಲ್ಲ.

ಹೊರಡುವ ಮುಂಚೆ ತವರುಮನೆಯಲ್ಲಿ ಒಂದು ಮಾತು ಇತ್ಯರ್ಥವಾಗದೆ ಉಳಿದಿತ್ತು. ಅದು ಅಟ್ಟದ ಮಾತು. ನಮ್ಮ ಕಡೆ ಕೊಬ್ಬರಿಯನ್ನು ಬಿಸಿಲಿಗೆ ಹಾಕಿ ಒಣಗಿಸುವುದಿಲ್ಲ. ಬಲಿತ ಕಾಯಿಗಳನ್ನು ಮಟ್ಟೆಸಮೇತ ಮನೆಯ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟುಬಿಡುತ್ತೇವೆ. ನೀರು ಒಳಗೇ ಇಂಗಿ, ತಿರುಳು ಚಿಪ್ಪು ಬಿಟ್ಟುಕೊಂಡು, ತನ್ನಷ್ಟಕ್ಕೆ ಉಂಡೆ ಕೊಬ್ಬರಿಯಾಗುತ್ತದೆ. ಅಷ್ಟೂ ತಿಂಗಳು ಕಾಯಿಗಳು ಮೇಲೆ, ನಾವು ಕೆಳಗೆ. ಅಪ್ಪ ಹೋದಮೇಲೆ ತಮ್ಮ ಬಸವರಾಜು ತೋಟದಲ್ಲೇ ಕಾಯಿ ಮಾರಲು ಶುರು ಮಾಡಿದ. ಖಾಲಿಯಾದ ಅಟ್ಟ ಬಿಚ್ಚಿಸಿ ಮೇಲೊಂದು ಕೋಣೆ ಕಟ್ಟಿಸಬೇಕು, ಪಿಯುಸಿ ಓದುವ ಮಗಳಿಗೆ ಜಾಗವಿಲ್ಲ ಎಂದು ಅವನು. ಅಪ್ಪನ ಅಟ್ಟ ಬಿಚ್ಚಕೂಡದು ಎಂದು ನಾನು. ಅಮ್ಮ ಇಬ್ಬರ ಮಾತಿಗೂ ತಲೆಯಾಡಿಸಿ ಒಳಗೆ ಹೋಗಿಬಿಡುತ್ತಿದ್ದಳು.

“ನೀನು ಹ್ಞೂಂ ಅನ್ನೋತಂಕ ನಾನ್ ಕೈ ಹಾಕಲ್ಲ ಕಣಕ್ಕ,” ಎಂದು ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ಬಸವರಾಜು ದಾರಿಯುದ್ದಕ್ಕೂ ಹೇಳಿದ್ದ. “ಆದ್ರೆ ವಾಪಸ್ ಬಂದ್ಮೇಲೆ ಒಂದ್ ಮಾತ್ ಹೇಳ್ಬುಡು. ಮಗ ಹುಟ್ಟಿ ಮೀಸೆ ಬರೋತಂಕ ಯೋಚ್ನೆ ಮಾಡ್ಬೇಡ.”

ಒಳಗೆ ಹೋಗಿ ಸೂಟ್‌ಕೇಸು ಒಪ್ಪಿಸಿ ಹತ್ತು ನಿಮಿಷವಾಗಿಲ್ಲ, ನನ್ನ ಹೆಸರು ಕೂಗಿದರು. ಸಾಮಾನು ತಪಾಸಣೆಯ ಮೇಜಿನ ಹಿಂದೆ ಸಮವಸ್ತ್ರ ತೊಟ್ಟ, ಅರ್ಧ ನರೆತ ಮನುಷ್ಯರೊಬ್ಬರು ನನ್ನ ಸೂಟ್‌ಕೇಸಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

“ಇದ್ರೊಳ್ಗೆ ಗುಂಡಗೇನೋ ಐತಲ್ಲಮ್ಮ, ಏನದು?”

“ಕೊಬ್ಬರಿ.”

“ಯಾವೂರು ನಿಮ್ದು?”

“ತಿಪಟೂರು.”

ಅವರು ಹಣೆ ಚಚ್ಚಿಕೊಂಡರು. “ತಿಪಟೂರೋರೇ ಹಿಂಗ್ ಮಾಡಿದ್ರೆ ಹೆಂಗಮ್ಮ? ವಿಮಾನಕ್ಕೆ ಕೊಬ್ರಿ ಬುಡಲ್ಲ ಕಣಮ್ಮ. ಎಣ್ಣೆ ಪದಾರ್ಥ, ಬೆಂಕಿ ಹತ್ಕೊಳ್ತೈತೆ. ಅಲ್ ನೋಡಿ.” ಗೋಡೆಯ ಮೇಲಿನ ಚಿತ್ರಗಳಲ್ಲಿ ಪಟಾಕಿ, ಸೀಮೆಎಣ್ಣೆಗಳ ಸಾಲಿನಲ್ಲಿ ನಮ್ಮ ಕೊಬ್ಬರಿಯೂ ಕೂತಿತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅದರ ಕೆಳಗೆ ಮಲಗಿ ಬೆಳೆದವಳಿಗೆ ಅದು ಅಪಾಯದ ವಸ್ತು ಅಂತ ಹೊಳೆಯುವುದಾದರೂ ಹೇಗೆ?

ಕಾಯಿ ಹೊರಗೆ ಬಂತು. ಪಕ್ಕದಲ್ಲಿ ಕಸದ ಡಬ್ಬಿ ಇತ್ತು. ಅವರು ಕಾಯಿಯನ್ನು ಕಿವಿಗೆ ಹಿಡಿದು ಒಮ್ಮೆ ಅಲ್ಲಾಡಿಸಿ, “ಒಳ್ಳೆ ಮಾಲು,” ಅಂದರು. ಆಮೇಲೆ ಮೆಲ್ಲಗೆ, “ನಮ್ದೂ ನಿಮ್ ಪಕ್ಕದ್ ದಂಡಿನಶಿವರ ಕಣಮ್ಮ. ನನ್ ಕೈಲಿ ಇದನ್ನ ಡಬ್ಬಿಗ್ ಹಾಕಕ್ಕಾಗಲ್ಲ. ನೀವೇ ಹಾಕ್ಬುಡಿ,” ಅಂದರು. ನನ್ನ ಕೈಯೂ ಏಳಲಿಲ್ಲ. ನಾವಿಬ್ಬರೂ ಆ ಕಾಯಿಯನ್ನು ನಡುವೆ ಇಟ್ಟುಕೊಂಡು ನಿಂತೆವು. ಕೊನೆಗೆ ಅವರೇ ನನ್ನನ್ನು ಪ್ರವೇಶದ್ವಾರದವರೆಗೆ ಕರೆದುಕೊಂಡು ಹೋಗಿ, ಕಾವಲಿನವರಿಗೆ ಹೇಳಿ, ಹೊರಗೆ ಟೀ ಕುಡಿಯುತ್ತಿದ್ದ ಬಸವರಾಜುವಿನ ಕೈಗೆ ಕಾಯಿ ಮುಟ್ಟಿಸಿದರು. ಅವನು ಅಷ್ಟು ದೂರದಿಂದಲೂ ಹಲ್ಲು ಕಿರಿಯುವುದು ಕಾಣುತ್ತಿತ್ತು.

ಅಮ್ಮ ಕೊಟ್ಟಿದ್ದ ಚಟ್ನಿಪುಡಿಯ ಡಬ್ಬಿಯಲ್ಲಿ ಅರ್ಧಕ್ಕರ್ಧ ಕೊಬ್ಬರಿಯೇ. ಅದರ ತಂಟೆಗೆ ಯಾರೂ ಬರಲಿಲ್ಲ. ಇಡಿಯಾಗಿದ್ದದ್ದು ಹಿಂದೆ ಉಳಿಯಿತು, ಪುಡಿಯಾದದ್ದು ನನ್ನ ಜೊತೆ ವಿಮಾನ ಹತ್ತಿತು.

ಬರ್ಗೆನ್: ಮಳೆ

ಬರ್ಗೆನ್ನಿನಲ್ಲಿ ಯಾಕೆ ಅಷ್ಟು ಮಳೆ ಎಂದು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಪಡುವಣ ಗಾಳಿ, ಕಡಲಂಚಿನ ಬೆಟ್ಟದ ಸಾಲು, ಕಾರಣಸಹಿತ ಬರೆದರೆ ಐದು ಅಂಕ. ಆ ಮಳೆ ಒಳ ಅಂಗಿಯವರೆಗೆ ಇಳಿಯುತ್ತದೆ ಎಂದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನು ಒಯ್ದಿದ್ದ ಕೊಡೆ ಮೊದಲ ತಿರುವಿನಲ್ಲೇ ಮಗುಚಿಕೊಂಡು ಹೂವಿನ ಹಾಗೆ ಅರಳಿತು. ನನ್ನನ್ನು ಮನೆಯಲ್ಲಿಟ್ಟುಕೊಂಡ ಇಂಗ್ರಿಡ್, ಕಮ್ಮಟದ ಮೇಲ್ವಿಚಾರಕಿ, ನನ್ನ ವಯಸ್ಸಿನವಳೇ, ಅದನ್ನು ಕೈಯಿಂದ ತೆಗೆದುಕೊಂಡು ತನ್ನ ಹಳೆಯ ಮಳೆಕೋಟು ಹಾಕಿಸಿದಳು. ಅದು ನನ್ನ ಪಾದದವರೆಗೆ ಬಂತು.

ನಮ್ಮ ಕಡೆ ಮಳೆ ಬಂದರೆ ಜನ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾಲ್ಕು ಹನಿ ಬಿದ್ದರೂ ಹಂದನಕೆರೆಯಲ್ಲಿರುವ ಚಿಕ್ಕಮ್ಮ ಫೋನು ಮಾಡಿ “ನಿಮ್ ಕಡೆ ಆಯ್ತೇನೇ?” ಅಂತ ಕೇಳುತ್ತಾಳೆ. ಇಲ್ಲಿ ಯಾರೂ ತಲೆ ಕೂಡ ಎತ್ತುವುದಿಲ್ಲ. ಕೈಗೂಸುಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಮಳೆಯಲ್ಲೇ ಸುತ್ತಾಡಿಸುತ್ತಾರೆ.

ಇನ್ನೊಂದು ವಿಷಯ ಅವರ ಮೌನ. ಟ್ರಾಮಿನಲ್ಲಿ ಪಕ್ಕದ ಹೆಂಗಸನ್ನು ನೋಡಿ ನಕ್ಕು, “ಯಾವ ಊರು ನಿಮ್ಮದು?” ಎಂದು ಕೇಳಿದೆ. ಆಕೆ ತಾನೇನೋ ತಪ್ಪು ಮಾಡಿದೆ ಅಂದುಕೊಂಡು ಟಿಕೆಟ್ ತೆಗೆದು ತೋರಿಸಿದಳು. ಚಿಕ್ಕನಾಯಕನಹಳ್ಳಿ ಬಸ್ಸಿನಲ್ಲಾದರೆ ಕುಳಿತ ಹತ್ತು ನಿಮಿಷಕ್ಕೆ ಪಕ್ಕದವಳಿಗೆ ನನ್ನ ಗಂಡನ ಸಕ್ಕರೆ ಕಾಯಿಲೆಯವರೆಗೆ ಎಲ್ಲ ತಿಳಿದಿರುತ್ತದೆ. ಅಲ್ಲಿ ಅದು ನನಗೆ ಕಿರಿಕಿರಿ. ಇಲ್ಲಿ ಎರಡೇ ದಿನಕ್ಕೆ ಆ ಕಿರಿಕಿರಿಗಾಗಿ ಜೀವ ಹಾತೊರೆಯಿತು.

ಬರ್ಗೆನ್: ನನ್ನ ಸರದಿ

ನಾನು ಮಾತಾಡಬೇಕಾದ ದಿನ ಬಂತು. ಕಾಯಿ ಕೈಯಲ್ಲಿ ಹಿಡಿದು, ಅಲ್ಲಾಡಿಸಿ, ಎಲ್ಲರ ಕಿವಿಗೂ ಮುಟ್ಟಿಸಿ ಶುರು ಮಾಡಬೇಕೆಂದು ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಈಗ ಬರಿಗೈ. ತೆರೆಯ ಮೇಲೆ ನಮ್ಮೂರಿನ ಚಿತ್ರಗಳು ಬರುತ್ತಿದ್ದಂತೆ ಮುಂದಿನ ಸಾಲಿನ ಒಬ್ಬರು, “ಕ್ಷಮಿಸಿ, ಇದನ್ನು ನಗರ ಅನ್ನಬಹುದೆ? ದೊಡ್ಡ ಹಳ್ಳಿಯಂತಿದೆಯಲ್ಲ?” ಅಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬರೆದುಕೊಂಡು ಹೋಗಿದ್ದ ಹಾಳೆ ಮಡಿಸಿ ಪಕ್ಕಕ್ಕಿಟ್ಟೆ. “ನಮ್ಮಪ್ಪ ಅಟ್ಟದ ಕಾಯಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ನೋಡುತ್ತಿದ್ದರು,” ಅಂದೆ. “ಮೂರೇ ಮಾತು. ಆಗಿದೆ, ಇನ್ನೂ ಆಗಬೇಕು, ಕೆಟ್ಟಿದೆ. ಆದರೆ ಒಂದು ಕಾಯಿಯನ್ನು ಇನ್ನೊಂದರ ಪಕ್ಕ ಹಿಡಿದು ‘ನೀನು ಅದರ ಹಾಗಿಲ್ಲ, ಅದಕ್ಕೆ ನೀನಿನ್ನೂ ಆಗಿಲ್ಲ’ ಎಂದು ಒಂದು ದಿನವೂ ಹೇಳಲಿಲ್ಲ. ಅದರದೇ ಸದ್ದು ಕೇಳಿ ಹೇಳುತ್ತಿದ್ದರು.” ಉತ್ತರ ಭಾರತದ ದೊಡ್ಡ ದೊಡ್ಡ ಪಟ್ಟಣಗಳ ಹಬ್ಬಕ್ಕೆ ಕೊಬ್ಬರಿ ಹೋಗುವುದು ನಮ್ಮ ಮನೆಗಳ ಅಟ್ಟದಿಂದ, ಅಲ್ಲಿನ ಹಬ್ಬದ ಲೆಕ್ಕ ನೋಡಿ ನಮ್ಮವರು ಕಾಯಿ ಇಳಿಸುತ್ತಾರೆ, ಹಾಗಾದರೆ ನಗರ ಎಲ್ಲಿ ಮುಗಿಯಿತು, ನಮ್ಮನೆ ಎಲ್ಲಿ ಶುರುವಾಯಿತು ಎಂದು ಕೇಳಿದೆ. ಕೇಳಿದ ಮೇಲೆ ನನಗೂ ಅದು ಹೊಸ ಪ್ರಶ್ನೆ ಅನ್ನಿಸಿತು.

ತೋರಿಸಲು ಏನೂ ಇಲ್ಲದ್ದಕ್ಕೆ ಚಟ್ನಿಪುಡಿಯ ಡಬ್ಬಿಯನ್ನೇ ತೆಗೆದೆ. ಇಂಗ್ರಿಡ್ ಒಳಗಿನಿಂದ ಕಂದು ಬ್ರೆಡ್ಡು, ಬೆಣ್ಣೆ ತಂದಳು. ಬ್ರೆಜಿಲಿನಿಂದ ಬಂದಿದ್ದವರು ಮೊದಲು ನೀರು ಕೇಳಿದರು, ಆಮೇಲೆ ಇನ್ನೊಂದು ತುಂಡು ಕೇಳಿದರು. ನಗರ ಹೌದೋ ಅಲ್ಲವೋ ಎಂದು ಕೇಳಿದವರು ಮೂರು ಸಲ ಹಾಕಿಸಿಕೊಂಡರು. ಸಂಜೆಯ ಹೊತ್ತಿಗೆ ಡಬ್ಬಿಯ ತಳ ಕಾಣುತ್ತಿತ್ತು.

ಬರ್ಗೆನ್: ಮರದ ಮನೆಗಳ ಸಾಲು

ಮಾರನೆಯ ದಿನ ಇಂಗ್ರಿಡ್ ನನ್ನನ್ನು ಹಳೆಯ ಬಂದರುಕಟ್ಟೆಗೆ ಕರೆದುಕೊಂಡು ಹೋದಳು. ನೀರಿನಂಚಿಗೆ ಒತ್ತೊತ್ತಾಗಿ ಮರದ ಮನೆಗಳು, ಕೆಂಪು, ಹಳದಿ. ಒಂದರ ಹೆಗಲ ಮೇಲೆ ಒಂದು ವಾಲಿಕೊಂಡು ನಿಂತಿವೆ. ಅಲ್ಲಿ ನಮಗಾಗಿ ಓಲಾವ್ ಕಾದಿದ್ದರು. ಎಂಬತ್ತು ದಾಟಿದ ಅಜ್ಜ. ಒಣಮೀನನ್ನು ನೋಡಿ, ಮೂಸಿ, ಒತ್ತಿ, ತಟ್ಟಿ, ಇದು ಇಂಥ ತರಗತಿಯದು ಎಂದು ವಿಂಗಡಿಸುವುದು ಅವರ ಜೀವಮಾನದ ಕಸುಬು. ಅವರು ನಾರ್ವೆಯ ಮಾತಿನಲ್ಲಿ ಹೇಳಿದ್ದನ್ನು ಇಂಗ್ರಿಡ್ ನನಗೆ ತಿಳಿಸುತ್ತಿದ್ದಳು. ಬಡಗಣ ಕಡಲಿನಲ್ಲಿ ಹಿಡಿದ ಮೀನನ್ನು ಉಪ್ಪೂ ಹಾಕದೆ ತಿಂಗಳುಗಟ್ಟಲೆ ಬರೀ ಗಾಳಿಗೆ ತೂಗುಹಾಕಿ ಒಣಗಿಸುತ್ತಾರಂತೆ. ಒಂದು ಕಾಲದಲ್ಲಿ ಅದೆಲ್ಲ ಬಂದು ತುಂಬುತ್ತಿದ್ದದ್ದು ಈ ಮನೆಗಳ ಅಟ್ಟಗಳಲ್ಲಿ. ಊರು ಬೆಳೆದದ್ದು ಅದರಿಂದ.

ಓಲಾವ್ ಕಂಕುಳಿನಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಮೀನು ಇಟ್ಟುಕೊಂಡಿದ್ದರು. ಕಟ್ಟಿಗೆಯಷ್ಟು ಗಟ್ಟಿ. ಅದನ್ನು ಕಂಬಕ್ಕೆ ತಟ್ಟಿದರು. ಟಕ್ ಟಕ್ ಎಂದಿತು. ಆಮೇಲೆ ನನ್ನ ಕಡೆ ಚಾಚಿದರು. ನಾವು ಶಿವಪೂಜೆ ಮಾಡುವ ಮನೆಯವರು. ಮೀನು ನಮ್ಮ ಹೊಸಿಲು ತುಳಿದಿಲ್ಲ. ನನ್ನ ಕೈ ಹಿಂದೆ ಸರಿಯಿತು. ಆದರೆ ಅವರು ಕಿವಿಯ ಹತ್ತಿರ ಹಿಡಿದು ತಲೆ ವಾಲಿಸಿ, ಒಂದು ಕಣ್ಣು ಮುಚ್ಚಿ ತಟ್ಟಿ ಕೇಳಿದ ಭಂಗಿ ನೋಡಿ ಒಂದು ಹೆಜ್ಜೆ ಹತ್ತಿರ ಹೋದೆ. ತಲೆ ವಾಲಿಸುವುದು, ಆ ಒಂದು ಕಣ್ಣು ಮುಚ್ಚುವುದು, ಎಲ್ಲ ಅಪ್ಪನದೇ. ಮೀನನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಅಪ್ಪ ನೋಡಿದ್ದರೆ ಹಿತ್ತಲಲ್ಲೇ ತಲೆಗೆ ನೀರು ಸುರಿಸಿ ಒಳಗೆ ಬಿಡುತ್ತಿದ್ದರು.

“ನಿಮ್ಮ ಕಾಯಿ ಹೇಗೆ ಸದ್ದು ಮಾಡುತ್ತದೆ?” ಎಂದು, ಇಂಗ್ರಿಡ್‌ಳಿಂದ ಅದರ ಕತೆ ಕೇಳಿದ್ದ ಓಲಾವ್ ಕೇಳಿದರು. ನಾಲಿಗೆಯನ್ನು ಅಂಗುಳಿಗೆ ಬಡಿದು ಲೊಟ್ ಲೊಟ್ ಅನ್ನಿಸಿದೆ. ಅವರು ನಕ್ಕು, ಅದಲ್ಲ, ನಿಜವಾದದ್ದು ಬೇಕು ಎಂಬಂತೆ ತಲೆಯಾಡಿಸಿದರು. ಮುಂದಿನ ಸಲ ತರುತ್ತೇನೆ ಅಂದೆ. ಮುಂದಿನ ಸಲ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಒಂದು ಮನೆಯ ಮೆಟ್ಟಿಲ ಹತ್ತಿರ ಅವರು ನಿಂತುಬಿಟ್ಟರು. “ನೀನು ಹೋಗಿ ನೋಡಿ ಬಾ. ನಾನು ಮೇಲೆ ಬರುವುದಿಲ್ಲ.”

ಇಂಗ್ರಿಡ್ ಅವರ ಜೊತೆ ಉಳಿದಳು, ನಾನೊಬ್ಬಳೇ ಹತ್ತಿದೆ. ಅಗಲವಾದ ಅಟ್ಟ. ಹಲಗೆಗಳನ್ನು ತೊಳೆದು ಒರೆಸಿಟ್ಟಿದ್ದಾರೆ. ಸಾಮಾನು ಎಳೆಯುತ್ತಿದ್ದ ರಾಟೆಗೆ ಎಣ್ಣೆ ಹಚ್ಚಿದ್ದಾರೆ. ಗೋಡೆಯ ಮೇಲೆ ಅಂದವಾದ ಅಕ್ಷರಗಳಲ್ಲಿ ಇಲ್ಲಿ ಏನಿತ್ತು ಎಂದು ಬರೆದಿದ್ದಾರೆ. ಈ ಮನೆಗಳಲ್ಲಿ ಬೆಂಕಿಯ ಭಯಕ್ಕೆ ಒಲೆಯನ್ನೇ ಹಚ್ಚುತ್ತಿರಲಿಲ್ಲವಂತೆ, ಅಡುಗೆಗೆ ಹಿಂದೆ ಬೇರೆ ಕಟ್ಟಡ. ನಮ್ಮಲ್ಲಾದರೆ ಅಮ್ಮನ ಒಲೆಯ ಹೊಗೆ ನೇರ ಅಟ್ಟಕ್ಕೆ ಹೋಗಿ ಮಟ್ಟೆಗಳೆಲ್ಲ ಕಪ್ಪಾಗುತ್ತಿದ್ದವು. ಮಳೆಗಾಲದಲ್ಲಿ ಕಾಯಿಗೆ ಬೆಚ್ಚಗಿರಲಿ ಎಂದು ಅಪ್ಪ ಒಲೆಗೆ ತೆಂಗಿನಗರಿಯ ಬುಡದ ಕೊತ್ತಳಿಗೆ ಇನ್ನೊಂದು ತುರುಕುತ್ತಿದ್ದರು, ಅಮ್ಮ ಕೆಮ್ಮುತ್ತ ಬಯ್ಯುತ್ತಿದ್ದಳು. ಏಣಿಯ ಮೇಲೆ ಅಪ್ಪ, ಕೆಳಗೆ ನಾನು, ಒಂದೊಂದೇ ಕಾಯಿ ಎಸೆದು ಹಿಡಿಸುತ್ತಿದ್ದದ್ದು ನೆನಪಾಯಿತು. ಕೈ ತಪ್ಪಿ ಬಸವರಾಜುವಿನ ತಲೆಗೆ ಬಿದ್ದದ್ದೂ ನೆನಪಾಯಿತು. ಆ ದಿನಗಳು ಇನ್ನೊಂದು ಸಲ ಬೇಕು ಅನ್ನಿಸಿ ಅಲ್ಲೇ ಹಲಗೆಯ ಮೇಲೆ ಕುಳಿತು ಅತ್ತೆ. ಫೋಟೋ ತೆಗೆಯಲು ಬಂದ ಇಬ್ಬರು ಮೆಲ್ಲಗೆ ಹಿಂದಕ್ಕೆ ಹೋದರು.

ಆದರೆ ಅಳು ನಿಂತ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಅಷ್ಟು ದೊಡ್ಡ ಅಟ್ಟದಲ್ಲಿ ಒಂದಿಷ್ಟೂ ಸದ್ದಿರಲಿಲ್ಲ. ಊರಿನಲ್ಲಿ ನಾನು ಹಟ ಹಿಡಿದು ಉಳಿಸಬೇಕೆಂದದ್ದು ಇಂಥದ್ದನ್ನೇ ಅಲ್ಲವೆ?

ಕೆಳಗಿಳಿದು ಓಲಾವ್ ಅವರನ್ನು ಯಾಕೆ ಹತ್ತಲಿಲ್ಲ ಎಂದು ಕೇಳಿದೆ.

“ಮನೆ ಉಳಿಸಿದ್ದಾರೆ, ಒಳ್ಳೆಯದೇ,” ಅಂದರು. “ನೋಡಲು ಬರುವವರಿಗೆ ಚೆನ್ನಾಗಿದೆ. ತುಂಬಿದ್ದಾಗ ಮೇಲೆ ಕೆಲಸ ಮಾಡಿದವನು ನಾನು. ಖಾಲಿ ನೋಡಲು ಯಾಕೆ ಹತ್ತಲಿ?”

ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅಮ್ಮನಿಗೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನ ದಾಟಿತ್ತು.

“ಅಮ್ಮ, ಅಟ್ಟದ ವಿಷಯ ನಾನೂ ಬಸವರಾಜೂ ಅಷ್ಟು ಕಿತ್ತಾಡಿದ್ವಲ್ಲ. ನಿಂಗೇನ್ ಬೇಕು ಅಂತ ಕೇಳ್ಲೇ ಇಲ್ಲ ಕಣಮ್ಮ.”

“ಅಷ್ಟ್ ದೂರ ಹೋಗಿ ಇದನ್ ಕೇಳ್ತಿದೀಯೇನೇ ಗಿರಿಜ?” ಅಂದಳು ಅಮ್ಮ. “ನೀನೇನೋ ಕಾಲೇಜ್ ಮುಗಿಸ್ಕಂಡು ಅರ್ಧ ಗಂಟೆ ಬತ್ತೀಯ. ತಲೆ ಎತ್ತಿ ಮೇಲ್ ನೋಡ್ತೀಯ, ಅಪ್ಪನ್ ನೆನಸ್ಕತೀಯ, ಬಸ್ ಹತ್ಕಂಡ್ ಹೋಯ್ತೀಯ. ಅದರ ಕೆಳ್ಗೆ ಇರೋಳು ನಾನಲ್ವೇನೇ. ಮದ್ವೆಯಾಗ್ ಬಂದಾಗಿಂದ ಮೇಲೆ ಕಾಯಿ ಉರುಳೋ ಸದ್ ಕೇಳ್ಕಂಡ್ ಬದುಕಿದೋಳು. ಈಗ ಮಧ್ಯಾಹ್ನ ಅಡ್ಡಾದ್ರೆ ಸದ್ದೇ ಇಲ್ಲ ಕಣೇ. ನಿಮ್ಮಪ್ಪ ದಿನಾ ಹೋದಂಗಾಯ್ತದೆ. ಆ ಹುಡ್ಗಿನಾರ ಮೇಲೆ ಓಡಾಡ್ಕಂಡಿದ್ರೆ ಎಷ್ಟೋ ವಾಸಿ.”

ಪಕ್ಕದಲ್ಲಿ ಓಲಾವ್ ಮೀನನ್ನು ಮತ್ತೆ ಪೇಪರಿನಲ್ಲಿ ಸುತ್ತುತ್ತಿದ್ದರು.

ಮತ್ತೆ ದೇವನಹಳ್ಳಿ, ತಿಪಟೂರು

ಬಸವರಾಜುವಿನ ಕಾರಿನಲ್ಲಿ, ಸ್ಟೇರಿಂಗಿನ ಮುಂದೆ, ಗಾಜಿನ ಕೆಳಗೆ ಆ ಕಾಯಿ ಇತ್ತು. ನಾನು ಬಿಟ್ಟುಹೋದ ದಿನದಿಂದ ಅಲ್ಲೇ ಇದೆಯಂತೆ.

“ತಿರುವು ಬಂದಾಗೆಲ್ಲ ಲೊಟ್ ಅಂತೈತೆ ಕಣಕ್ಕ,” ಅಂದ. “ಪಕ್ದಲ್ಲಿ ಅಪ್ಪ ಕೂತು ‘ನಿಧಾನಕ್ ಹೋಗ್ಲಾ’ ಅಂದಂಗಾಯ್ತದೆ.” ಇಷ್ಟು ದಿನ ಇವನಿಗೆ ಅಪ್ಪನ ನೆನಪೇ ಇಲ್ಲ ಎಂದು ನಾನು ತಿಳಿದಿದ್ದೆ. ನಾಚಿಕೆಯಾಯಿತು.

ತುಮಕೂರು ದಾಟಿದ ಮೇಲೆ ಹೇಳಿದೆ, “ಅಟ್ಟ ಬಿಚ್ಚಿಸ್ಬುಡೋ.”

ಅವನು ಕಾರನ್ನು ಪಕ್ಕಕ್ಕೆ ಹಾಕಿದ. “ಅಲ್ಲೇನಾರ ತಿನ್ನಬಾರದ್ದು ತಿಂದ್ಯಾ?” ಎಂದು ನನ್ನ ಮುಖ ನೋಡಿದ. ನಾನು ನಗಲಿಲ್ಲ. ಅವನು ಮತ್ತೆ ಕಾರು ಹೊರಡಿಸಿದ. ಬೇಕಾದ್ದು ಸಿಕ್ಕಿತೆಂಬ ಸಂತೋಷ ಅವನ ಮುಖದಲ್ಲಿ ಕಾಣಲಿಲ್ಲ. ತಿಪಟೂರಿನ ಸಾಲು ಮನೆಗಳು ಬಂದಾಗ ನಾನು ಒಂದೊಂದರ ಮಾಡಿಗೂ ಕಣ್ಣು ಹಾಯಿಸಿದೆ. ಯಾವುದರಲ್ಲಿ ಕಾಯಿ ಇದೆ, ಯಾವುದು ಖಾಲಿ ಎಂದು ಊಹಿಸುತ್ತ ಹೋದೆ. ಇಷ್ಟು ವರ್ಷ ಇದೇ ಬೀದಿಯಲ್ಲಿ ಓಡಾಡಿ ತಲೆ ಎತ್ತಿ ನೋಡಿರಲಿಲ್ಲ.

ಮನೆಗೆ ಬಂದು ಕಾಯಿಯನ್ನು ಅಪ್ಪನ ಫೋಟೋದ ಮುಂದಿಟ್ಟೆ. “ಅಟ್ಟ ಹೋದ್ರೆ ಹೋಗ್ಲಿ. ಇದನ್ನ ಮಾತ್ರ ನಾನ್ ಗಾಜಿನ್ ಬೀರುಲಿ ಇಟ್ಕತೀನಿ,” ಅಂದೆ.

ಅಮ್ಮ ಕಾಫಿ ಕೊಟ್ಟು ಎದುರು ಕುಳಿತಳು. ಓಲಾವ್ ಅವರ ಕತೆಯನ್ನು ಫೋನಿನಲ್ಲೇ ಹೇಳಿದ್ದೆ. “ಆ ಮೀನಿನ್ ಅಜ್ಜಂಗೆ ಏನ್ ಕೊಟ್ ಬಂದೆ?”

“ಏನೂ ಇಲ್ಲ ಕಣಮ್ಮ. ಚಟ್ನಿಪುಡಿ ಹಿಂದಿನ್ ದಿನಾನೇ ಖಾಲಿಯಾಗಿತ್ತು. ಇದನ್ನ ಕೇಳಿಸ್ಬೇಕಿತ್ತು, ವಿಮಾನಕ್ಕೆ ಬುಡ್ಲಿಲ್ವಲ್ಲ.”

“ಇಡೀದಾದ್ರೆ ತಾನೆ ಬುಡಲ್ಲ? ಪುಡಿ ಮಾಡಿ ಕಳ್ಸಿದ್ರಾಯ್ತು.”

ನಾನು ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಅಮ್ಮ ಎದ್ದು ಫೋಟೋದ ಮುಂದಿನ ಕಾಯಿ ತೆಗೆದುಕೊಂಡಿದ್ದಳು. ಕಿವಿಗೆ ಹಿಡಿದು ಅಲ್ಲಾಡಿಸಲು ಹೋದವಳು ನಿಂತಳು. ನನ್ನ ಫೋನನ್ನು ಕಣ್ಣಲ್ಲೇ ತೋರಿಸಿ, “ಇದರ ಸದ್ದನ್ನ ಅದ್ರಲ್ಲಿ ಹಿಡ್ಕ. ಆ ಅಜ್ಜಂಗೆ ಕಳ್ಸು,” ಅಂದಳು. ಹಿಡಿದೆ. ಅಡುಗೆಮನೆಯ ಬಾಗಿಲಿಗೆ ಒರಗಿದ್ದ ಬಸವರಾಜು ಫ್ಯಾನು ಆರಿಸಿದ. ಲೊಟ, ಲೊಟ, ಲೊಟ. ಅಮ್ಮ ತಲೆ ವಾಲಿಸಿ, ಒಂದು ಕಣ್ಣು ಮುಚ್ಚಿ ಕೇಳಿದಳು.

“ಆಗೈತೆ,” ಅಂದಳು.

ಆಮೇಲೆ ಹೊಸಿಲ ಪಕ್ಕ ಕುಳಿತು ಮಚ್ಚಿನ ಹಿಂಬದಿಯಿಂದ ಸುತ್ತಲೂ ಹದವಾಗಿ ತಟ್ಟಿದಳು. ಚಿಪ್ಪು ಎರಡು ಹೋಳಾಗಿ ಬಿತ್ತು. ಎಲ್ಲೂ ಬಿರುಕಿಲ್ಲದ ಉಂಡೆ ಕೊಬ್ಬರಿ ಅವಳ ಅಂಗೈಯಲ್ಲಿ ಕುಳಿತಿತ್ತು. ಅದನ್ನೂ ಎರಡು ಮಾಡಿ ಅರ್ಧವನ್ನು ನನ್ನ ಕೈಗಿಟ್ಟಳು. ನನ್ನ ಕಣ್ಣು ತುಂಬಿಕೊಂಡು ಏನೂ ಕಾಣುತ್ತಿರಲಿಲ್ಲ.

ಅಮ್ಮ ಈಳಿಗೆಮಣೆಯನ್ನು ನನ್ನ ಮುಂದಕ್ಕೆ ಸರಿಸಿದಳು.

“ಅಳೋದ್ ಆಮೇಲಾಯ್ತು. ತುರಿ ಮೊದ್ಲು.”